ಸಣ್ಣಸ್ವಾಮಣ್ಣ ಕೇಳುತ್ತಿದ್ದ ಪ್ರಶ್ನೆ

ನಮ್ಮ ಹಿತ್ತಲಿಗೂ ಊರಿನ ವಾಚನಾಲಯಕ್ಕೂ ನಡುವೆ ಎದೆಮಟ್ಟದ ಒಂದು ಮಣ್ಣುಗೋಡೆ ಇದೆ. ಮದುವೆಯಾಗಿ ಹೊಳೆ ದಾಟಿ ಈ ಊರಿಗೆ ಬಂದ ಮೂರನೆಯ ದಿನ ಬಟ್ಟೆ ಹರವುತ್ತಿದ್ದೆ. ಗೋಡೆಯ ಆಚೆಯಿಂದ ಒಂದು ತಲೆ ಕಾಣಿಸಿತು. ನರೆತ ಕುರುಚಲು ಗಡ್ಡ, ಕಿವಿಯ ಮೇಲೆ ಸಿಕ್ಕಿಸಿದ ಗೋಣಿಸೂಜಿ. ಹೊಸ ಸೊಸೆ ಓದುತ್ತಾಳಂತೆ, ಹೌದೇ ಎಂದು ವಿಚಾರಿಸಿ, ಖಾಕಿ ಬಟ್ಟೆಯ ಹೊದಿಕೆ ಹಾಕಿದ ಒಂದು ಪುಸ್ತಕವನ್ನು ಗೋಡೆಯ ಮೇಲಿಟ್ಟು ಆ ತಲೆ ಮರೆಯಾಯಿತು. ಅವನೇ ವಾಚನಾಲಯ ನೋಡಿಕೊಳ್ಳುತ್ತಿದ್ದ ಸಣ್ಣಸ್ವಾಮಣ್ಣ.

ವಾರ ಬಿಟ್ಟು ಪುಸ್ತಕ ಹಿಂದಿರುಗಿಸಿದಾಗ ಅವನು ಕೂಡಲೇ ಕೈಚಾಚಲಿಲ್ಲ. ಗೋಡೆಗೆ ಮೊಣಕೈ ಊರಿ ನಿಂತ.

"ಇದ್ರೊಳಗೆ ಏನಿತ್ತು, ತಂಗ್ಯವ್ವ?"

ನಾನು ಹೇಳಿದೆ. ಆಮೇಲೆ, ಆಮೇಲೆ ಎನ್ನುತ್ತ ಕೊನೆಯ ಪುಟದವರೆಗೂ ನನ್ನ ಬಾಯಿಂದ ಹೊರಡಿಸಿ, ಆಮೇಲೆಯೇ ಪುಸ್ತಕ ತೆಗೆದುಕೊಂಡ. ಊರಿನಲ್ಲಿ ಎಲ್ಲರಿಗೂ ಇದೇ ಕಟ್ಟಳೆ ಎಂದು ನಮ್ಮವರು ಅಂದು ಸಂಜೆ ನಕ್ಕರು. ವಾಚನಾಲಯದ ಅಧ್ಯಕ್ಷರಾದ ಜವಳಿ ಅಂಗಡಿಯ ಮಹದೇವಪ್ಪನವರು ಕೂಡ ಮೇಜಿನ ಮುಂದೆ ನಿಂತು ಒಪ್ಪಿಸಬೇಕಂತೆ. ಗುಂಡ ಎಂಬವನು ಓದದೆ ತಂದು, ಬಾಯಿಗೆ ಬಂದಂತೆ ಒಂದು ಹುಲಿಯ ಕಥೆ ಹೇಳಿದನಂತೆ. ಆ ಹುಲಿ ಇದರದ್ದಲ್ಲ ಕಣೋ, ಮೇಲಿನ ಸಾಲಿನ ಪುಸ್ತಕದ್ದು, ತಗೊಂಡ್ಹೋಗಿ ಓದ್ಕೊಂಡು ಬಾ ಎಂದು ಇವನು ಹಿಂದಕ್ಕೆ ಕಳಿಸಿದನಂತೆ. ಮುನ್ನೂರು ಪುಸ್ತಕವನ್ನೂ ಓದಿ ಅರಗಿಸಿಕೊಂಡವನು ಎಂದು ಊರೇ ಅವನಿಗೆ ಹೆದರುತ್ತಿತ್ತು.

ಅರಕಲಗೂಡು ಕಡೆಯವನು. ಹತ್ತು ವರ್ಷದವನಿದ್ದಾಗ ಬಿದಿರು ಕಡಿಯಲು ಬಂದ ಸೋದರಮಾವನ ಹಿಂದೆ ಈ ಕೊಡಗಿನ ಅಂಚಿಗೆ ಬಂದ. ಮಾವ ಚಳಿಜ್ವರದಲ್ಲಿ ತೀರಿಕೊಂಡ ಮೇಲೆ ಹೊಳೆಯಲ್ಲಿ ಹರಿಗೋಲು ಹಾಕಿಕೊಂಡು ಬದುಕಿದ. ಒಂದು ವರ್ಷ ಹೊಳೆ ಊರೊಳಗೆ ನುಗ್ಗಿದಾಗ ವಾಚನಾಲಯದ ಪುಸ್ತಕಗಳನ್ನೆಲ್ಲ ಎರಡು ಸಲಕ್ಕೆ ಹರಿಗೋಲಿನಲ್ಲಿ ತುಂಬಿ ದಿಣ್ಣೆಗೆ ಸಾಗಿಸಿದ್ದಕ್ಕೆ ಅಲ್ಲಿದ್ದ ಮುದಿ ಗುಮಾಸ್ತರು ಇವನನ್ನು ಕಸ ಗುಡಿಸಲು ಇಟ್ಟುಕೊಂಡರು. ಗುಮಾಸ್ತರು ಸತ್ತರು, ಬೀಗದಕೈ ಇವನ ಉಡಿದಾರದಲ್ಲೇ ಉಳಿಯಿತು. ಹಾಗೆ ಹನ್ನೊಂದು ವರ್ಷ. ಹೆಂಡತಿ ಮಕ್ಕಳಿಲ್ಲ. ಮಲಗುವುದು ಪುಸ್ತಕದ ಬೀರುವಿನ ಹಿಂದಿನ ಕೋಣೆಯಲ್ಲಿ.

ನಮ್ಮಲ್ಲಿ ಮಳೆಗಾಲಕ್ಕೆ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಸಣ್ಣಸ್ವಾಮಣ್ಣ ಪ್ರತಿಯೊಂದಕ್ಕೂ ಖಾಕಿ ಅಂಗಿ ಹೊಲಿದಿದ್ದ. ಶಾಲೆಯ ಮೇಷ್ಟರು ಚೀಟಿಯ ಮೇಲೆ ಹೆಸರು ಬರೆದು ಅಂಗಿಗೆ ಅಂಟಿಸಿಕೊಡುತ್ತಿದ್ದರು. ಆಷಾಢದಲ್ಲಿ ಅಂಗಿಗಳನ್ನು ಬಿಚ್ಚಿ, ಚೀಟಿ ನೆನೆಯದಂತೆ ಒರೆಸಿ, ಪುಸ್ತಕಗಳನ್ನು ನಮ್ಮ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಟ್ಟು ಒಣಗಿಸಿ, ಮತ್ತೆ ತೊಡಿಸುತ್ತಿದ್ದ. ಮೇಲೆ ಸುತ್ತಿ ಕಟ್ಟಲು ಕಥೆಗೆ ಕೆಂಪು ದಾರ, ದೇವರ ಪುಸ್ತಕಕ್ಕೆ ಹಳದಿ, ಬೇಸಾಯ, ವೈದ್ಯ ಇಂಥವಕ್ಕೆ ಬಿಳಿ. ಒಂದೊಂದಕ್ಕೂ ಗಂಟಿನ ಲೆಕ್ಕ ಬೇರೆ. ಅಚ್ಚುಕಟ್ಟು ಮನುಷ್ಯ ಎಂದುಕೊಂಡಿದ್ದೆವು.

ಹೋದ ವರ್ಷ ಶ್ರಾವಣದಲ್ಲಿ ಸರ್ಕಾರದಿಂದ ಆ ಕಾಗದ ಬಂತು. ಕೊಡಗು ಮೈಸೂರಿಗೆ ಸೇರಬೇಕೋ, ಹೀಗೇ ತನ್ನಷ್ಟಕ್ಕೆ ರಾಜ್ಯವಾಗಿ ಇರಬೇಕೋ ಎಂದು ಸಂತೆಯಲ್ಲೂ ಜನ ಎರಡು ಗುಂಪಾಗಿ ಕೂಗಾಡುತ್ತಿದ್ದ ದಿನಗಳು. ಕಾಗದದಲ್ಲಿ ಏಳು ಪುಸ್ತಕದ ಪಟ್ಟಿಯಿತ್ತು. ಸೇರಲಿ ಎನ್ನುವ ಎರಡು ಪುಸ್ತಕ, ಬೇಡ ಎನ್ನುವ ಎರಡು, ವಿಧವೆ ಮದುವೆಯಾಗುವ ಒಂದು ಕಥೆ, ಪೂಜಾರಿಯನ್ನು ಹಂಗಿಸುವ ಇನ್ನೊಂದು. ಏಳನೆಯದು ಡಾಕ್ಟರಮ್ಮನೊಬ್ಬರು ಬಸುರಿ ಬಾಣಂತಿಯರಿಗಾಗಿ ಬರೆದದ್ದು. ಅದರಲ್ಲಿ ಹೊಟ್ಟೆಯೊಳಗೆ ಮಗು ಮಲಗಿರುವ ಚಿತ್ರವಿತ್ತು. ಶಾಲೆಯ ಮಕ್ಕಳು ಅದನ್ನು ನೋಡಿ ನಕ್ಕರೆಂದು ಯಾರೋ ದೂರು ಬರೆದಿದ್ದರು. ಈ ಏಳನ್ನೂ ಶಾಲೆಯಿಂದಲೂ ವಾಚನಾಲಯದಿಂದಲೂ ತೆಗೆದು ಪೆಟ್ಟಿಗೆಯಲ್ಲಿಡಬೇಕು, ತಪಾಸಣೆಯವರು ಬಂದು ಒಯ್ಯುತ್ತಾರೆ ಎಂದು ಬರೆದಿತ್ತು.

ನಾನು ಜಗಲಿಯಲ್ಲಿ ಕೂಸಿಗೆ ಎಣ್ಣೆ ಹಚ್ಚುತ್ತಿದ್ದೆ. ಸಣ್ಣಸ್ವಾಮಣ್ಣ ಆ ಪಟ್ಟಿ ಹಿಡಿದು ಬಂದ. ಕಣ್ಣು ಮಂಜಾಗಿದೆ, ಹೊಗೆ ಹೊಡೆದಿರಬೇಕು, ಒಂದು ಸಲ ಓದಿಬಿಡು ಎಂದ. ಎಣ್ಣೆಗೈ ಸೀರೆಗೆ ಒರೆಸಿಕೊಂಡು ಏಳು ಹೆಸರನ್ನೂ ಓದಿದೆ. ಅವನು ಕಣ್ಣು ಮುಚ್ಚಿ ಕೇಳಿದ. ಆಮೇಲೆ ಒಂದಕ್ಷರ ತಪ್ಪದೆ ಅದೇ ಸಾಲಿನಲ್ಲಿ ತಿರುಗಿ ಹೇಳಿ, ಮಳೆಯಲ್ಲಿ ಇಳಿದು ಹೋದ. ಕಾಗದವನ್ನು ಜಗಲಿಯ ಮೇಲೇ ಬಿಟ್ಟು ಹೋದ.

ಮರೆತನೆಂದು ಕೂಗಲು ಎದ್ದವಳು ಅಲ್ಲೇ ನಿಂತೆ. ಓದಲು ಬರುವವನು ಕಾಗದ ಒಯ್ಯುತ್ತಾನೆ. ಇವನಿಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ದಾರ, ಗಂಟು, ಇದ್ರೊಳಗೆ ಏನಿತ್ತು ಎನ್ನುವ ಆ ಕಟ್ಟಳೆ, ಎಲ್ಲ ಒಮ್ಮೆಲೇ ಅರ್ಥವಾಯಿತು. ಆ ದಿನದ ಡೈರಿಯಲ್ಲಿ ಒಂದು ಸಾಲು ಬರೆದು, ಹೊಡೆದು ಹಾಕಿ, ಆಮೇಲೆ ಹಾಳೆಯನ್ನೇ ಕಿತ್ತು ಒಲೆಗೆ ಹಾಕಿದೆ. ಮಹದೇವಪ್ಪನವರ ತಂಗಿಯ ಮಗ ಮೆಟ್ರಿಕ್ ಪಾಸಾಗಿ ಮನೆಯಲ್ಲೇ ಕೂತಿದ್ದ. ಓದು ಬಾರದವನ ಕೈಯಲ್ಲಿ ವಾಚನಾಲಯ ಇದೆ ಎಂದು ಗೊತ್ತಾದರೆ ಸಣ್ಣಸ್ವಾಮಣ್ಣನ ಬೀಗದಕೈ ಒಂದು ದಿನವೂ ಉಳಿಯುತ್ತಿರಲಿಲ್ಲ.

ಮರುದಿನ ಮಹದೇವಪ್ಪನವರು ಬಂದು, ಚೀಟಿಗಳನ್ನು ಪಟ್ಟಿಯ ಜೊತೆ ಹೋಲಿಸಿ, ಏಳನ್ನೂ ಟೀ ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆಸಿದರು. ಮೇಲೆ ಅರಗಿನ ಮುದ್ರೆ. ಪೆಟ್ಟಿಗೆ ಅವರ ಅಂಗಡಿಗೆ ಹೋಯಿತು. ಗೌರಿಹಬ್ಬ ಕಳೆದ ಮೇಲೆ ತಪಾಸಣೆಯ ಸಾಹೇಬರು ಬರುವುದೆಂದು ತಿಳಿಯಿತು.

ನನಗೆ ಹೊಟ್ಟೆ ಉರಿದದ್ದು ಏಳನೆಯದಕ್ಕೆ. ನನ್ನ ಕೂಸು ಹೊಟ್ಟೆಯಲ್ಲಿದ್ದಾಗ ಆ ಪುಸ್ತಕ ಗೋಡೆಯ ಮೇಲಿಂದ ನಾಲ್ಕು ಸಲ ಬಂದಿತ್ತು. ಹೆಂಗಸರು ವಾಚನಾಲಯದ ಒಳಗೆ ಹೋಗುತ್ತಿರಲಿಲ್ಲ. ಗಂಡಸರು ರಿಜಿಸ್ಟರಿನಲ್ಲಿ ತಮ್ಮ ಹೆಸರು ತಾವೇ ಬರೆದು ಒಯ್ಯುತ್ತಿದ್ದರು, ನಮಗೆ ಮಾತ್ರ ಗೋಡೆಯ ಮೇಲೆ, ಬರಹವಿಲ್ಲದೆ. ಈ ಕಾಗದ ಬಂದಾಗ ನಮ್ಮ ಗದ್ದೆಗೆ ಬರುವ ಕೆಂಚಿಗೆ ಏಳು ತಿಂಗಳು. ಅವಳ ಮೊದಲ ಕೂಸು ಕಾಲು ಮುಂದಾಗಿ ಬಂದು ಸತ್ತಿತ್ತು. ಇನ್ನೊಂದು ಸಲ ಹಾಗಾದರೆ ಏನು ಮಾಡಬೇಕೆಂದು ಆ ಪುಸ್ತಕದಲ್ಲಿದೆ, ಬಿಡುವಾದಾಗ ಓದಿ ಹೇಳುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಪುಸ್ತಕ ಪೆಟ್ಟಿಗೆ ಸೇರಿತೆಂದು ಹೇಳಿದಾಗ ಅವಳು ನಾಟಿಯ ಕೆಸರು ಕೊಡವುತ್ತ, "ನನ್ ಹೊಟ್ಟೆನೂ ನೋಡ್ಬಾರ್ದು ಅಂತ ಒಂದು ಕಾಗ್ದ ಕಳುಸ್ಲಿ ಬುಡಿ ಅಕ್ಕ" ಎಂದಳು.

ಭತ್ತದ ಗರಿಯ ಮೇಲೆ ಕಣ್ಣಿನಾಕಾರದ ಚುಕ್ಕೆ ಬಿದ್ದದ್ದು ಆಮೇಲಿನ ವಾರ. ಬೆಂಕಿರೋಗವಿರಬೇಕು, ವಾಚನಾಲಯದಲ್ಲಿ ಅದರದೊಂದು ಪುಸ್ತಕವಿದೆಯಲ್ಲ, ತರಿಸು ಎಂದರು ನಮ್ಮವರು. ಗೋಡೆಯ ಬಳಿ ಕೇಳಿದೆ. ಬಿಳಿ ದಾರ, ಮೂರು ಗಂಟು. ಚೀಟಿಯ ಮೇಲೆ ಭತ್ತದ ಹೆಸರೇ ಇತ್ತು. ಒಳಗೆ ತಂದು ತೆರೆದೆ. ಹೊಟ್ಟೆಯೊಳಗೆ ಮಗು ಮಲಗಿತ್ತು.

ಮೊದಲು ನಗು ಬಂತು, ಆಮೇಲೆ ಎದ್ದು ಬಾಗಿಲು ಹಾಕಿದೆ. ಹಾಗಾದರೆ ಮುದ್ರೆ ಒತ್ತಿದ ಪೆಟ್ಟಿಗೆಯಲ್ಲಿ ಡಾಕ್ಟರಮ್ಮನ ಅಂಗಿ ತೊಟ್ಟು ಕೂತಿರುವುದು ಭತ್ತದ ಪುಸ್ತಕ.

ಗೋಡೆಯ ಬಳಿ ಕರೆದು ಮೆಲ್ಲಗೆ ಹೇಳಿದೆ. ಆಷಾಢದಲ್ಲಿ ಒಂದೊಂದೇ ಅಂಗಿ ಬಿಚ್ಚಿ, ಅದನ್ನೇ ತೊಡಿಸಿ, ಆಮೇಲೆ ಮುಂದಿನದಕ್ಕೆ ಕೈ ಹಾಕುವುದು ಅವನ ಪದ್ಧತಿ. ಆದರೆ ಆ ವರ್ಷ ನಡುವೆ ಒಂದು ದಿನ ಹೊಳೆನೀರು ಬೀದಿಗೆ ಬಂತೆಂದು ಕೂಗೆದ್ದು, ಅಟ್ಟದ ಮೇಲಿದ್ದುದನ್ನೆಲ್ಲ ಒಟ್ಟಿಗೆ ಬಾಚಿಕೊಂಡಿದ್ದ. ಎರಡೂ ಒಂದೇ ಅಳತೆ, ಎರಡಕ್ಕೂ ಬಿಳಿ ದಾರ.

"ಓದಕ್ಕೆ ಬರೋರು ಈ ತಪ್ಪು ಮಾಡಕ್ಕಿಲ್ಲ, ಅಲ್ವಾ ತಂಗ್ಯವ್ವ?" ಎಂದ. ಅಷ್ಟು ಹೊತ್ತಿಗೆ ನನಗೆ ಗೊತ್ತಿದೆಯೆಂದು ಅವನಿಗೂ ಗೊತ್ತಾಗಿತ್ತು. "ಯಾರೂ ಕೇಳ್ನಿಲ್ಲ. ಕೇಳಿದ್ರೆ ಹೇಳ್ತಿದ್ದೆ" ಎಂದ.

ತಪ್ಪನ್ನು ಅವನೇ ಹೋಗಿ ಹೇಳಿದರೆ, ತೆರೆದು ನೋಡಲಿಲ್ಲವೇ ಎಂಬ ಮೊದಲ ಪ್ರಶ್ನೆಗೇ ಎಲ್ಲ ಹೊರಬೀಳುತ್ತಿತ್ತು. ಹೇಳದಿದ್ದರೆ, ತೆಗೆದುಹಾಕಿದ ಪುಸ್ತಕವನ್ನು ಬಚ್ಚಿಟ್ಟ ಹಾಗೆ. ಸಾಹೇಬರು ಚೀಟಿ ಎಣಿಸಿ ರುಜು ಹಾಕಿ ಹೋಗುವವರು, ಸುಮ್ಮನಿರಿ ಎಂದು ನಮ್ಮವರು ಸಮಾಧಾನ ಹೇಳಿದರು. ಹೇಳಿದವರೇ ಆ ರಾತ್ರಿ ಸರಿಯಾಗಿ ಉಣ್ಣಲಿಲ್ಲ. ಪುಸ್ತಕವನ್ನು ನಾನು ತೊಟ್ಟಿಲಿನ ಹಾಸಿಗೆಯ ಕೆಳಗಿಟ್ಟೆ. ಕೂಸು ಒದ್ದೆ ಮಾಡೀತೆಂದು ಮೇಲೊಂದು ಮೇಣಬಟ್ಟೆ ಹಾಸಿದೆ.

ಹಬ್ಬಕ್ಕೆ ಎರಡು ದಿನ ಮುಂಚೆ ಇನ್ನೊಂದು ಸುದ್ದಿ ಬಂತು. ಪಕ್ಕದ ಊರಿನಲ್ಲಿ ಸಾಹೇಬರು ಮೇಲ್ವಿಚಾರಕನ ಕೈಯಲ್ಲೇ ಒಂದೊಂದು ಪುಸ್ತಕದ ಹೆಸರು ಓದಿಸಿ, ಪಟ್ಟಿಗೆ ಗುರುತು ಹಾಕಿಕೊಂಡರಂತೆ. ಸಣ್ಣಸ್ವಾಮಣ್ಣ ಬಂದು ಜಗಲಿಯ ಕಂಬಕ್ಕೆ ಒರಗಿ ಕೂತ. ಪೆಟ್ಟಿಗೆಯಿಂದ ಯಾವುದು ಮೊದಲು ಬರುತ್ತದೋ ಯಾರಿಗೆ ಗೊತ್ತು, ಬಾಯಿಪಾಠ ಇಲ್ಲಿ ನಡೆಯುವುದಿಲ್ಲ. ಮುದ್ರೆ ಒತ್ತುವಾಗ ಅವನ ದಾರಗಳನ್ನೂ ಬಿಚ್ಚಿ ಗೋಣಿಹುರಿಯಲ್ಲಿ ಒಟ್ಟಾಗಿ ಬಿಗಿದಿದ್ದರು.

ನಾನು ಒಳಗಿನಿಂದ ಮೊರ ತಂದು ಅಕ್ಕಿ ಹರವಿದೆ. ಅವನ ಬೆರಳು ಹಿಡಿದು ಮೊದಲನೆಯ ಹೆಸರಿನ ಮೊದಲನೆಯ ಅಕ್ಷರ ಬರೆಸಿದೆ. ಅಕ್ಷರಮಾಲೆ ಕಲಿಸಲು ದಿನವಿರಲಿಲ್ಲ, ಏಳು ಹೆಸರಿಗೆ ಎಷ್ಟು ಬೇಕೋ ಅಷ್ಟು ಮಾತ್ರ. ಬೆಳಗ್ಗೆ ಕಾಫಿಯ ಹೊತ್ತಿಗೆ ಒಂದು ಹೆಸರು, ಮಧ್ಯಾಹ್ನ ಒಂದು, ದೀಪ ಹಚ್ಚುವ ಮುಂಚೆ ಒಂದು. ಕೂಸು ಅಂಬೆಗಾಲಿಟ್ಟು ಬಂದು ಅಕ್ಷರ ಕಲಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿತ್ತು. ಹರಿಗೋಲು ತಿರುಗಿಸಿದ ಆ ಬೆರಳುಗಳು ಅಕ್ಕಿಯ ಮೇಲೆ ಬೆವರುತ್ತಿದ್ದವು. ನೆನಪಿನಲ್ಲಿ ಅಷ್ಟು ಗಟ್ಟಿಯಿದ್ದವನಿಗೆ ಅಕ್ಷರ ಮಾತ್ರ ಬೇಗ ಒಲಿಯಲಿಲ್ಲ. ಎರಡು ಸಲ ಮೊರ ತಳ್ಳಿ ಎದ್ದು ಹೋದ, ಎರಡು ಸಲವೂ ತಾನಾಗಿಯೇ ತಿರುಗಿ ಬಂದ. ಸಾಹೇಬರ ಬಸ್ಸು ಕುಶಾಲನಗರದ ಕಡೆಯಿಂದ ಬರುವ ದಿನ ಬೆಳಗ್ಗೆ, ನಾನು ಎಲ್ಲಿ ಬೆರಳಿಟ್ಟರೂ ಆ ಏಳರಲ್ಲಿ ಯಾವುದೆಂದು ಓದಿದ.

ವಾಚನಾಲಯದ ಹಿಂದಿನ ಕಿಟಕಿ ನಮ್ಮ ಹಿತ್ತಲ ಕಡೆಗೇ ತೆರೆಯುತ್ತದೆ. ನಾನು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಗೋಡೆಗೆ ಅಂಟಿ ನಿಂತೆ. ಮೊಳೆ ಕೀಳುವ ಸದ್ದು, ಕುರ್ಚಿ ಎಳೆಯುವ ಸದ್ದು. ಸಾಹೇಬರ ದನಿ ಸಣ್ಣದು, ಗದರಿಕೆ ಇಲ್ಲ. ಹೆಸರು ಓದಿ ಮೇಜಿನ ಮೇಲಿಡಿ ಎಂದರು.

ಮೊದಲು ಬಂದದ್ದು ವಿಧವೆಯ ಕಥೆ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಒಂದೊಂದೇ ಅಕ್ಷರವಾಗಿ, ಕಲ್ಲಿನ ಮೇಲೆ ಕಾಲಿಟ್ಟು ಹೊಳೆ ದಾಟುವವನ ಹಾಗೆ ಸಣ್ಣಸ್ವಾಮಣ್ಣ ಓದಿದ. ಎರಡನೆಯದು, ಮೂರನೆಯದು. ಕನ್ನಡಕ ಹಾಕಿಸಿಕೊಳ್ಳಯ್ಯ ಎಂದು ಮಹದೇವಪ್ಪನವರು ಗೊಣಗಿದರು. ಆರು. ಏಳನೆಯದಕ್ಕೆ ಅವನ ದನಿ ಗಟ್ಟಿಯಾಗಿತ್ತು. ಓದಿ ಮುಗಿಸಿದ.

ಮುಗಿಯಿತೆಂದು ನಾನು ಗೋಡೆಗೆ ಹಣೆಯಿಟ್ಟೆ. ಆಗ ಸಾಹೇಬರು, ದೂರು ಬಂದ ಚಿತ್ರ ಎಷ್ಟನೆಯ ಪುಟದಲ್ಲಿದೆಯೆಂದು ಬರೆದುಕೊಳ್ಳಬೇಕು ಎಂದರು. ಹಾಳೆ ತಿರುವುವ ಸದ್ದು. ಮತ್ತೆ ಮತ್ತೆ ಹಾಳೆ ತಿರುವುವ ಸದ್ದು.

"ಇದೇನ್ರಿ ಮಹದೇವಪ್ಪನವರೇ, ಭತ್ತ?"

ಕೂಸು ಸದ್ದು ಮಾಡೀತೆಂದು ಅದರ ಬಾಯಿಗೆ ನನ್ನ ಬೆರಳು ಕೊಟ್ಟೆ. ಸಾಹೇಬರೇ ಲೆಕ್ಕ ಹಾಕಿದರು. ಯಾರೋ ಒಯ್ದವರು ಒಳಗಿನದನ್ನು ಉಳಿಸಿಕೊಂಡು, ಹೊದಿಕೆಯೊಳಗೆ ಬೇರೆಯದನ್ನಿಟ್ಟು ಹಿಂದಿರುಗಿಸಿದ್ದಾರೆ, ಇದು ಮೋಸ. ಕೊನೆಯ ಸಲ ಈ ಪುಸ್ತಕ ಒಯ್ದವರು ಯಾರೆಂದು ಹೇಳಿದರೆ ಸಾಕು, ನಿಮ್ಮ ಮೇಲೆ ಏನೂ ಬರುವುದಿಲ್ಲ, ಇಷ್ಟು ವರ್ಷದಿಂದ ಇದ್ದವರು ಎಂದರು. ಹೇಳಪ್ಪಾ, ಹೆದರಬೇಡ ಎಂದು ಮಹದೇವಪ್ಪನವರೂ ಒತ್ತಿದರು. ಕೊನೆಯ ಸಲ ಒಯ್ದವಳು ನಾನು. ಕಿಟಕಿಯ ಸರಳಿನಾಚೆ ಅವನ ಬೆನ್ನು ಕಾಣುತ್ತಿತ್ತು. ಒಂದು ಹೆಸರು ಹೇಳಿದ್ದರೆ ಅವನ ಕೋಣೆ, ಅವನ ಬೀರು, ಅವನ ಮುನ್ನೂರು ಪುಸ್ತಕ ಎಲ್ಲ ಉಳಿಯುತ್ತಿತ್ತು. ಈಗಷ್ಟೇ ಏಳು ಹೆಸರನ್ನು ಓದಿ ಗೆದ್ದವನು.

"ಯಾರೂ ಮೋಸ ಮಾಡ್ನಿಲ್ಲ ಸ್ವಾಮಿ," ಎಂದ. "ಅಂಗಿ ಅದಲು ಬದಲು ತೊಡ್ಸಿದ್ದು ನಾನೇ. ನಂಗೆ ಓದು ಬರಕ್ಕಿಲ್ಲ."

ಈಗ ಓದಿದಿರಲ್ಲ ಎಂದರು ಸಾಹೇಬರು.

"ಈ ಏಳೇ ಬರೋದು. ಹನ್ನೆರಡು ದಿನ ಆಯ್ತು ಕಲ್ತು."

ಒಳಗಿನ ಪುಸ್ತಕ ಎಲ್ಲಿ ಎಂದು ಕೇಳಿದರು. ಭತ್ತದ್ದು ಎಂದುಕೊಂಡು ಯಾರಿಗೋ ಕೊಟ್ಟೆ, ರಿಜಿಸ್ಟರಿನಲ್ಲಿ ಒಯ್ಯುವವರೇ ಬರೆಯುತ್ತಾರೆ, ಹೆಂಗಸರಿಗೆ ಗೋಡೆಯ ಮೇಲಿಂದ ಕೊಡುತ್ತೇನೆ, ಅದನ್ನು ಬರೆಯಲು ನನಗೆ ಬಾರದು ಎಂದ. ಯಾವ ಹೆಂಗಸರು? ಕೇಳಿದವರಿಗೆಲ್ಲ ಕೊಟ್ಟಿದ್ದೇನೆ ಎಂದ. ಸಾಹೇಬರು ಎದ್ದು ಕಿಟಕಿಯ ಕಡೆಗೆ ಬಂದರು. ನಾನು ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತೆ. ಇನ್ನು ನಾಲ್ಕು ಹೆಜ್ಜೆ ಇಟ್ಟರೆ ನಮ್ಮ ಹಿತ್ತಲ ಬಾಗಿಲು, ಅದರಾಚೆ ತೊಟ್ಟಿಲು.

ಆಗ ಮಹದೇವಪ್ಪನವರ ದನಿ ಕೇಳಿಸಿತು. "ಹೆಂಗಸರ ಹಿತ್ತಲಿಗೆ ನುಗ್ಗಿ ಹುಡುಕೋದು ನಮ್ಮೂರಲ್ಲಿ ಇಲ್ಲ ಸ್ವಾಮಿ. ಒಂದು ಪುಸ್ತಕ ಕಳೆದಿದೆ ಅಂತ ಬರ್ಕೊಳ್ಳಿ, ನಾನು ರುಜು ಹಾಕ್ತೀನಿ." ಅವರ ಸೊಸೆ ಸುಲೋಚನಮ್ಮನ ಬಾಣಂತನಕ್ಕೆ ಮುಂಚೆ ಆ ಪುಸ್ತಕ ಅವರ ಮನೆಯಲ್ಲೂ ಒಂದು ತಿಂಗಳು ಇತ್ತು. ಅವರಿಗೆ ಅದು ನೆನಪಿತ್ತೋ ಇಲ್ಲವೋ ನಾನು ಕೇಳಿಲ್ಲ.

ಬಸ್ಸು ಹೋದ ಮೇಲೆ ಅವರು ಬೀಗದಕೈಗೆ ಕೈ ನೀಡಿದರು. ಉಡಿದಾರದ ಗಂಟು ಹನ್ನೊಂದು ವರ್ಷದ್ದು, ಸಣ್ಣಸ್ವಾಮಣ್ಣನ ಬೆರಳಿಗೆ ಬಿಚ್ಚಲು ಬರಲಿಲ್ಲ. ಕೊನೆಗೆ ಕಿವಿಯ ಮೇಲಿನ ಗೋಣಿಸೂಜಿ ತೆಗೆದು ಗಂಟು ಸಡಿಲಿಸಿ ಕೊಟ್ಟ. ಮರುದಿನದಿಂದ ಮೆಟ್ರಿಕ್ ಹುಡುಗ ಬಂದು ಕೂತ. ಅವನು ಒಳ್ಳೆಯವನೇ. ಆದರೆ ಪುಸ್ತಕ ಹಿಂದಿರುಗಿಸಿದಾಗ ತಾರೀಖು ನೋಡುತ್ತಾನೆ, ಒಳಗೆ ಏನಿತ್ತೆಂದು ಕೇಳುವುದಿಲ್ಲ.

ಸಣ್ಣಸ್ವಾಮಣ್ಣ ಮತ್ತೆ ಹೊಳೆಗೆ ಹೋದ. ಹೊಳೆ ದಾಟುವ ಕಡವಿನಲ್ಲಿ ಯಾರದೋ ಹರಿಗೋಲು ನಡೆಸುತ್ತಾನೆ. ಸಂತೆಯ ದಿನ ನಮ್ಮಲ್ಲಿ ಊಟ. ಡಾಕ್ಟರಮ್ಮನ ಪುಸ್ತಕವನ್ನು ನಾನು ಕೆಂಚಿಗೆ ಎರಡು ಸಲ ಓದಿ ಹೇಳಿದೆ. ನೋವು ಬರುವ ಮುಂಚೆಯೇ ಅವಳು ಬಸ್ಸು ಹತ್ತಿ ಆಸ್ಪತ್ರೆ ಸೇರಿದಳು. ಈ ಸಲವೂ ಕಾಲೇ ಮುಂದಾಗಿತ್ತು. ಹುಡುಗಿಗೆ ಈಗ ಮೂರು ತಿಂಗಳು, ದನಿ ಕೇಳಿದರೆ ಅರ್ಧ ಊರು ಎದ್ದೇಳಬೇಕು. ಆಮೇಲೆ ಒಂದು ದಿನ ಸಣ್ಣಸ್ವಾಮಣ್ಣನ ಹರಿಗೋಲಿನಲ್ಲೇ ಆ ಪುಸ್ತಕ ಹೊಳೆಯಾಚೆಗೆ, ಮೈಸೂರು ಸೀಮೆಯಲ್ಲಿರುವ ನನ್ನ ತವರಿಗೆ ಹೋಯಿತು. ಅಲ್ಲಿ ಅದನ್ನು ಬೇಡವೆಂದು ಯಾರ ಕಾಗದವೂ ಬಂದಿಲ್ಲ.

ಗದ್ದೆಯ ಮಾತು ಬಿಟ್ಟೆ. ಸಾಹೇಬರು ಏಳನೆಯದೆಂದು ಭತ್ತದ ಪುಸ್ತಕವನ್ನೂ ಒಯ್ದುಬಿಟ್ಟಿದ್ದರು. ಗರಿಯ ಚುಕ್ಕೆ ಹಬ್ಬುತ್ತಿತ್ತು. ನಮ್ಮವರು ಜಗಲಿಯಲ್ಲಿ ತಲೆ ಹಿಡಿದು ಕೂತಿದ್ದಾಗ, ಊಟಕ್ಕೆ ಬಂದ ಸಣ್ಣಸ್ವಾಮಣ್ಣ ಕೈ ತೊಳೆಯುತ್ತಲೇ, ಗೊಬ್ಬರ ನಿಲ್ಲಿಸಬೇಕು, ರೋಗದ ಗದ್ದೆಯ ಬೀಜ ಮುಂದಿನ ಬೆಳೆಗೆ ಇಡಬಾರದು, ಬದುವಿನ ಹುಲ್ಲು ಸವರಿ ಸುಡಬೇಕು ಎಂದು ಒಂದಾದ ಮೇಲೊಂದು ಹೇಳಿದ. ನಾಲ್ಕು ವರ್ಷದ ಹಿಂದೆ ಯಾರೋ ಆ ಪುಸ್ತಕ ಹಿಂದಿರುಗಿಸುವಾಗ ಅವನಿಗೆ ಒಪ್ಪಿಸಿದ್ದು. ನಮ್ಮವರು ಊಟ ಬಿಟ್ಟು ಗದ್ದೆಗೆ ಹೋದರು. ಮುಕ್ಕಾಲು ಬೆಳೆ ಕೈಗೆ ಬಂತು.

ಅವನು ಹೇಳಿದ್ದನ್ನು ಮರೆಯಬಾರದೆಂದು ನಾನು ಆಗಲೇ ಡೈರಿಯಲ್ಲಿ ಬರೆದುಕೊಂಡಿದ್ದೆ. ಬರೆದು ಮುಗಿಸಿ, ಮುಂದಿನ ಬಿಳಿ ಹಾಳೆ ನೋಡುತ್ತ ಕೂತಿದ್ದೆ. ಸಾಹೇಬರು ಒಯ್ದವು ಇನ್ನೂ ಆರು ಇದ್ದವಲ್ಲ.

ಮುಂದಿನ ಸಂತೆಯ ದಿನ ಅವನು ಉಂಡು, ಎಲೆಯಡಿಕೆ ಹಾಕಿಕೊಂಡು, ಕೂಸನ್ನು ಕಾಲ ಮೇಲೆ ಕೂರಿಸಿಕೊಂಡ. ನಾನು ಮಸಿಕುಡಿಕೆ ಹತ್ತಿರ ಎಳೆದುಕೊಂಡೆ. ಮೊದಲು ಆ ವಿಧವೆಯ ಕಥೆ ಎಂದು ಹೇಳಿ, ಗೋಡೆಗೆ ಮೊಣಕೈ ಊರಿ ಅವನು ನಮ್ಮನ್ನೆಲ್ಲ ಕೇಳುತ್ತಿದ್ದುದನ್ನು ಅವನನ್ನೇ ಕೇಳಿದೆ.

"ಸಣ್ಣಸ್ವಾಮಣ್ಣ, ಅದ್ರೊಳಗೆ ಏನಿತ್ತು?"

ಅವನು ಕಣ್ಣು ಮುಚ್ಚಿದ. ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು, ಮೊದಲಿಂದ ಶುರು ಮಾಡಿದ.